ತೂಕಕ್ಕೆ ತಿರುಗಿ ಬಾರದವರು

ನಮ್ಮೂರಿನಲ್ಲಿ ಮದುವೆ, ಸಂತೆ, ಪುರಸಭೆಯ ಸಭೆ ಎಲ್ಲವೂ ನಡುಮಧ್ಯಾಹ್ನಕ್ಕೇ. ಹೊರಗಿನಿಂದ ಬಂದ ಬೀಗರು ಬಿಸಿಲಿಗೆ ಬಸವಳಿದು ಗೊಣಗುತ್ತಾರೆ. ಅವರ ನೆರಳಿಗೆ ತೂಕವಿಲ್ಲ, ಅವರಿಗೇನು ಗೊತ್ತು. ಇಲ್ಲಿ ಬಾಳುವವರ ನೆರಳಿಗೆ ತೂಕವಿದೆ. ಒಂದೆರಡು ಕಿಲೋ ಇದ್ದರೆ ಮೈಗೆ ತಿಳಿಯುವುದೇ ಇಲ್ಲ. ಐದು ದಾಟಿತೆಂದರೆ ಹಿಂದಿನಿಂದ ಯಾರೋ ಸೆರಗು ಹಿಡಿದು ಜಗ್ಗಿದ ಹಾಗೆ. ಹತ್ತಾದರೆ, ಬೆಳಗಿನ ಉದ್ದ ನೆರಳನ್ನು ಎಳೆದುಕೊಂಡು ಬೀದಿ ದಾಟುವಷ್ಟರಲ್ಲಿ ಎರಡು ಕಡೆ ಕೂತು ಏಳಬೇಕಾಗುತ್ತದೆ. ಮಧ್ಯಾಹ್ನ ಅದು ಕಾಲಡಿ ಮುದುಡಿಕೊಳ್ಳುವುದರಿಂದ ತಾಪತ್ರಯ ಕಡಿಮೆ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ನನ್ನ ನೆರಳು ಬರೀ ನೆರಳಾಗಿತ್ತು. ಹತ್ತೊಂಬತ್ತು ವರ್ಷ ಇಲ್ಲಿಯ ನೀರು ಕುಡಿದ ಮೇಲೆ ಈಗ ಮುಕ್ಕಾಲು ಕಿಲೋ ತೂಗುತ್ತದೆ.

ನಾನು ಸೇರಿದ ಮನೆ ವೈದ್ಯರದು. ನಮ್ಮ ಮಾವ ಅಡಿವೆಪ್ಪನವರು ಮಸಿಬೇರಿನ ಕಷಾಯ ಕಂಡುಹಿಡಿದವರು. ಅವರ ನಂತರ ಅದು ನನ್ನ ಗಂಡ ಚನ್ನವೀರಪ್ಪನವರ ಕೈಗೆ ಬಂತು. ನೆರಳು ಭಾರವಾದವರು ಏಳು ಮುಂಜಾನೆ ಒಂದೊಂದು ಬಟ್ಟಲು ಕುಡಿಯಬೇಕು. ಎಂಟನೇ ದಿನ ತೂಗಿ ನೋಡಿದರೆ ನೆರಳು ಇಳಿದಿರುತ್ತಿತ್ತು. ಹತ್ತರಲ್ಲಿ ಒಂಬತ್ತು ಮಂದಿಗೆ ಇಳಿಯುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಕುದಿಸುವವಳು ನಾನು. ಕಹಿ ಸರಿಯಾಗಿ ಬಂದಿದೆಯೋ ಎಂದು ದಿನಾ ಒಂದು ಚಮಚ ನಾಲಿಗೆಗೆ ಹಚ್ಚಿ ನೋಡುವವಳೂ ನಾನೇ.

ತೂಗುವವಳು ನನ್ನ ನಾದಿನಿ ದಾಕ್ಷಾಯಣಿ. ಪುರಸಭೆಯ ತೂಕದ ಕಟ್ಟೆ ಅವಳ ಸುಪರ್ದಿನಲ್ಲಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬಂದವರನ್ನು ಕಲ್ಲಿನ ಮೇಲೆ ನಿಲ್ಲಿಸಿ, ಅವರ ನೆರಳು ಪಕ್ಕದ ಕಬ್ಬಿಣದ ಹಲಗೆಯ ಮೇಲೆ ಪೂರ್ತಿ ಬೀಳುವಂತೆ ನೋಡಿಕೊಂಡು, ಮುಳ್ಳು ನಿಂತ ಮೇಲೆ ಪುಸ್ತಕದಲ್ಲಿ ಬರೆಯುತ್ತಿದ್ದಳು. ಆಗ ಅವಳಿಗೆ ಮೂವತ್ತೆಂಟು. ಮದುವೆ ಬೇಡ ಎಂಬುದನ್ನು ಯಾರೂ ಎರಡನೇ ಸಲ ಕೇಳದ ಹಾಗೆ ಹೇಳಿದವಳು. ಅಣ್ಣನೆಂದರೆ ಜೀವ. ಅಣ್ಣನಿಗೂ ಹಾಗೆಯೇ. ಅವಳು ತೂಗಿ ಬರೆದ ಅಂಕಿಯನ್ನು ಇವರು ಒಂದು ದಿನವೂ ಅನುಮಾನಿಸಿದವರಲ್ಲ.

ಎಲ್ಲ ಶುರುವಾದದ್ದು ಬಡಿಗ ಯಂಕೋಬನಿಂದ. ಹನ್ನೊಂದು ಕಿಲೋ ನೆರಳು ಎಳೆದುಕೊಂಡು ಬಂದು ಕಷಾಯ ಒಯ್ದಿದ್ದ. ಎಂಟನೇ ದಿನ ಆರು ಕಿಲೋಗೆ ಇಳಿದಿತ್ತು. ನಮ್ಮನೆಗೆ ಬಂದು ಇವರ ಕಾಲಿಗೆ ಬಿದ್ದು, "ಸತ್ತವ ಬದುಕೀನ್ರಿ ವೈದ್ಯಪ್ಪಾರ" ಎಂದ. ಆಮೇಲೆ ಕಟ್ಟೆಯ ಹತ್ತಿರ ದಾಕ್ಷಾಯಣಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. "ಯಕ್ಕಾ, ನಿಮ್ಮ ಅಣ್ಣಗ ಹೇಳಬ್ಯಾಡ್ರಿ. ಒಂದ ಗುಟುಕು ಕುಡದು ವಾಂತಿ ಬಂದಂಗಾತು. ಉಳಿದದ್ದೆಲ್ಲಾ ಗಟಾರಕ್ಕ ಸುರುವಿಬಿಟ್ಟೀನಿ."

ದಾಕ್ಷಾಯಣಿ ನಗಲಿಲ್ಲ. ಆ ದಿನ ಊಟದ ಹೊತ್ತಿಗೆ ನನಗೆ ಇದನ್ನು ಹೇಳಿ, "ವೈನಿ, ಹಂಗಾದ್ರ ಯಂಕೋಬನ ನೆರಳು ಇಳಿಸಿದವರು ಯಾರು?" ಎಂದಳು.

"ಒಬ್ಬಂವಂದು ನೋಡಿ ಏನ ಹೇಳಾಕ ಬರ್ತೈತಿ? ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಹೋಗಿರಬೇಕು," ಎಂದೆ.

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಅದೇ ಮಾತು ಉಳಿದವರಿಗೂ ಹೇಳಬಹುದಲ್ರಿ?"

ಮರುದಿನದಿಂದ ಅವಳು ಇಪ್ಪತ್ತು ಜನರನ್ನು ಒಪ್ಪಿಸಿ, ಹುಷಾರಿದ್ದರೂ ಇಲ್ಲದಿದ್ದರೂ ದಿನಾ ಬಂದು ತೂಗಿಸಿಕೊಳ್ಳುವಂತೆ ಮಾಡಿದಳು. ಶಾಲೆಯ ಮಾಸ್ತರರು, ಹೂ ಮಾರುವವರು, ಅಂಚೆಯವನು. ಯಾರೂ ಔಷಧಿ ಕುಡಿದವರಲ್ಲ. ಒಂದು ತಿಂಗಳಾದ ಮೇಲೆ ಪುಸ್ತಕ ತಂದು ಅಡುಗೆಮನೆಯಲ್ಲಿ ನನ್ನ ಮುಂದೆ ಬಿಚ್ಚಿದಳು. ಒಬ್ಬೊಬ್ಬರಿಗೂ ಒಂದೊಂದು ಗೆರೆ ಎಳೆದಿದ್ದಳು. ಗೆರೆಗಳೆಲ್ಲ ಏರುತ್ತಿದ್ದವು, ಇಳಿಯುತ್ತಿದ್ದವು. ಅಂಚೆಯವನದು ಒಂದು ವಾರ ಒಂಬತ್ತಕ್ಕೆ ಹೋಗಿ, ಯಾವ ಕಾರಣವೂ ಇಲ್ಲದೆ ನಾಲ್ಕಕ್ಕೆ ಬಂದಿತ್ತು.

"ನಮ್ಮಲ್ಲಿಗೆ ಮಂದಿ ಯಾವಾಗ ಬರ್ತಾರ ಹೇಳ್ರಿ?" ಎಂದಳು. "ಒಂಬತ್ತಾದಾಗ ಬರ್ತಾರ, ಹತ್ತಾದಾಗ ಬರ್ತಾರ. ನಾಕು ಇದ್ದಾಗ ಯಾರರೆ ಬರ್ತಾರೇನು? ಗುಡ್ಡದ ತುದಿಗೆ ಹತ್ತಿ ನಿಂತವರು ಮುಂದ ಹೆಜ್ಜಿ ಇಟ್ರ ಇಳಿಯೋದ. ಇಳಿದಾಗ ಕೈಯಾಗ ನಮ್ಮ ಕಷಾಯ ಇರ್ತೈತಿ."

ಒಲೆಯ ಮೇಲೆ ಆ ಹೊತ್ತಿನ ಹಂಡೆ ಕುದಿಯುತ್ತಲೇ ಇತ್ತು. ಕಷಾಯ ಕೆಲಸ ಮಾಡುವುದಿಲ್ಲ ಎಂದು ಅವಳೇನೂ ಹೇಳಲಿಲ್ಲ. ಅದು ತನಗೆ ಗೊತ್ತಿಲ್ಲ, ತಾನು ತೂಗಿದ ಯಾವ ಅಂಕಿಯಿಂದಲೂ ಅದು ಗೊತ್ತಾಗುವುದಿಲ್ಲ, ಅಷ್ಟೇ ಅಂದಳು. ಅದು ನನಗೆ ಇನ್ನೂ ಕೆಟ್ಟದ್ದೆನಿಸಿತು.

ನೆರಳಿಗೆ ತೂಕವಿರುವ ಊರು ನಮ್ಮದೊಂದೇ ಅಲ್ಲ. ಹೊಳೆಯಾಚೆ ಇನ್ನೂ ಮೂರಿವೆ. ಅಲ್ಲಿ ಯಾರಾದರೂ ಇದನ್ನು ಪರೀಕ್ಷಿಸಿ ಬರೆದಿರಬೇಕೆಂದು ದಾಕ್ಷಾಯಣಿ ಜಿಲ್ಲೆಯ ಗ್ರಂಥಾಲಯಕ್ಕೆ ಹೊರಟಳು. ಜೊತೆಗೆ ನಾನೂ ಹೋದೆ. ಗ್ರಂಥಪಾಲಕರು ಖಾದರಸಾಹೇಬರು, ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು. ನೆರಳಿನ ಔಷಧಿಯ ಬಗ್ಗೆ ಪುಸ್ತಕ ಬೇಕು ಎಂದದ್ದಕ್ಕೆ, "ಪುಸ್ತಕ ಬ್ಯಾಡ್ರಿ ಅಕ್ಕಾರ. ಪುಸ್ತಕದಾಗ ಬರದವರ ಮಾತು ಇರ್ತೈತಿ. ನಿಮಗ ಬೇಕಾದ್ದು ಮಾಡಿ ನೋಡಿದವರ ವರದಿ," ಎಂದು ಸಂಶೋಧನಾ ಪತ್ರಿಕೆಗಳ ವಿಷಯಸೂಚಿಯ ಸಂಪುಟಗಳನ್ನು ತಂದಿಟ್ಟರು. "ಕಷಾಯ ಅಂತ ಹುಡುಕಬ್ಯಾಡ್ರಿ. ಹಂಗ ಹುಡುಕಿದ್ರ ಹೊಗಳಿದ್ದಷ್ಟ ಸಿಗ್ತೈತಿ. ಮಸಿಬೇರು ಅಂತ ನೋಡ್ರಿ, ನೆರಳು ಅಂತ ನೋಡ್ರಿ, ಮೈಮ್ಯಾಲಿನ ಕೆಟ್ಟ ಪರಿಣಾಮ ಅಂತನೂ ನೋಡ್ರಿ."

ಸಂಜೆಯ ಹೊತ್ತಿಗೆ ಐದು ಪ್ರಬಂಧಗಳು ಸಿಕ್ಕವು. ಐದೂ ಕಷಾಯದ ಪರವಾಗಿದ್ದವು. ನನ್ನ ಎದೆ ಹಗುರಾಯಿತು. "ಐದು ಮಂದಿ ದೊಡ್ಡವರು ಹೇಳ್ಯಾರ, ಇನ್ನೇನು ಬೇಕು ನಿಂಗ?" ಎಂದೆ. ಖಾದರಸಾಹೇಬರು ಪ್ರತಿ ಪ್ರಬಂಧದ ಕೊನೆಯ ಪುಟ ತಿರುಗಿಸಿ, ಅಲ್ಲಿದ್ದ ಆಧಾರಗಳ ಪಟ್ಟಿಯ ಮೇಲೆ ಪೆನ್ಸಿಲು ಇಟ್ಟರು. ಐದನೆಯದು ನಾಲ್ಕನೆಯದನ್ನು ನಂಬಿತ್ತು. ನಾಲ್ಕನೆಯದು ಮೂರನ್ನೂ ಎರಡನ್ನೂ ನಂಬಿತ್ತು. ಅವೆಲ್ಲ ಮೊದಲನೆಯದನ್ನು ನಂಬಿದ್ದವು. ಮಾಡಿ ನೋಡಿದವರು ಒಬ್ಬರೇ. ಅದು ನಮ್ಮ ಮಾವನವರು ನಲವತ್ತು ವರ್ಷದ ಹಿಂದೆ ಬರೆದದ್ದು. ಹನ್ನೆರಡು ರೋಗಿಗಳು, ಹನ್ನೊಂದು ಮಂದಿಗೆ ಗುಣ. ಕಷಾಯ ಕುಡಿಯದವರನ್ನು ಅವರೂ ತೂಗಿರಲಿಲ್ಲ.

ದಾಕ್ಷಾಯಣಿ ಅಪ್ಪನ ಹೆಸರಿನ ಮೇಲೆ ಬೆರಳಿಟ್ಟುಕೊಂಡು, ಆ ಅಂಕಿಗಳನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡಳು. ಬಸ್ಸಿನಲ್ಲಿ ಬರುವಾಗ ಒಂದೇ ಮಾತು ಹೇಳಿದಳು. "ಬ್ಯಾರೆ ಯಾರೂ ಮಾಡಿಲ್ಲ ಅಂದ್ರ ನಾವ ಮಾಡಬೇಕು ವೈನಿ."

ಅಣ್ಣನಿಗೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಗೆರೆಗಳನ್ನು ತೋರಿಸಿದಳು, ಯಂಕೋಬನ ಗಟಾರದ ಕಥೆಯನ್ನೂ ಹೇಳಿದಳು. ಇವರು ಕೇಳಿ ಮುಗಿಸಿ, ಕನ್ನಡಕ ತೆಗೆದು ಒರೆಸಿ, "ನನಗ ಹೆದರಿಕಿ ಇಲ್ಲವ್ವಾ. ಹ್ಯಾಂಗ ಬೇಕೋ ಹಂಗ ಪರೀಕ್ಷಾ ಮಾಡು. ನಲವತ್ತು ವರ್ಷದ ಔಷಧ, ನಿನ್ನ ತಕ್ಕಡಿಗೆ ಅಂಜತೈತೇನು?" ಎಂದರು. ಆ ಮಾತಿನಲ್ಲಿ ಬಿಂಕವೂ ಇತ್ತು, ನಂಬಿಕೆಯೂ ಇತ್ತು. ಆ ದಿನ ಅವರ ಬಗ್ಗೆ ನನಗೆ ಹೆಮ್ಮೆಯಾದದ್ದು ಸುಳ್ಳಲ್ಲ.

ಎಂಟು ಕಿಲೋಗೆ ಮೇಲ್ಪಟ್ಟ ಅರವತ್ತು ಜನ ಸಿಗಲು ನಾಲ್ಕು ತಿಂಗಳು ಬೇಕಾಯಿತು. ನಾನು ಎರಡು ಹಂಡೆ ಇಟ್ಟೆ. ಒಂದರಲ್ಲಿ ಮಸಿಬೇರು, ಇನ್ನೊಂದರಲ್ಲಿ ಅದೇ ಬಣ್ಣ, ಅದೇ ಕಹಿ ಬರುವಂತೆ ಬೇವಿನ ಚಕ್ಕೆ ಮತ್ತು ಬೆಲ್ಲದ ಕರಕು. ಒಂದರ ಬಾಟಲಿಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ. ಯಾವ ದಾರಕ್ಕೆ ಯಾವ ಹಂಡೆ ಎಂಬುದನ್ನು ನಾನೊಬ್ಬಳೇ ತಿಳಿದಿರಬೇಕೆಂದು ದಾಕ್ಷಾಯಣಿಯ ಕಟ್ಟಪ್ಪಣೆ. "ನನಗ ಗೊತ್ತಾದ್ರ ಮುಳ್ಳು ನನಗ ಬೇಕಾದ ಕಡೆ ಕಾಣಾಕ ಹತ್ತೈತಿ," ಎಂದಳು. ಬಂದವರಿಗೆಲ್ಲ ಇದನ್ನು ಬಿಡಿಸಿ ಹೇಳಿ, ಒಪ್ಪಿದವರ ಕೈಯನ್ನು ಚೀಲದೊಳಗೆ ಹಾಕಿಸುತ್ತಿದ್ದಳು. ಚೀಲದಲ್ಲಿ ಮೊದಲೇ ಎಣಿಸಿ ಹಾಕಿದ ಅರವತ್ತು ಹುಣಸೆಬೀಜ, ಮೂವತ್ತು ಕರಿಯವು, ಮೂವತ್ತು ಉಜ್ಜಿ ಬಿಳಿ ಮಾಡಿದವು. ತೆಗೆದದ್ದನ್ನು ಮತ್ತೆ ಚೀಲಕ್ಕೆ ಹಾಕುವಂತಿಲ್ಲ. ಬಿಳಿ ಬಂದರೆ ಬಿಳಿ ದಾರ, ಕರಿ ಬಂದರೆ ಕೆಂಪು. ಯಾರಿಗೆ ಯಾವುದು ಎಂದು ಆರಿಸುವ ಹಕ್ಕನ್ನು ಅವಳು ತನಗೂ ಇಟ್ಟುಕೊಳ್ಳಲಿಲ್ಲ. ಒಬ್ಬ ಮುದುಕ ಮಾತ್ರ "ಇದೇನು ಚೌಕಾಬಾರಾ ಆಡಾಕ ಬಂದೀನೇನು?" ಎಂದು ಎದ್ದುಹೋದ.

ಏಳು ದಿನದ ನಂತರ ಯಾರಾದರೂ ಬಾರದಿದ್ದರೆ ದಾಕ್ಷಾಯಣಿಯೇ ಅವರ ಮನೆಗೆ ಹೋಗಿ, ಬೇಡಿಕೊಂಡು, ಕಟ್ಟೆಗೆ ಕರೆತರುತ್ತಿದ್ದಳು. ಒಬ್ಬರನ್ನೂ ಬಿಡಲಿಲ್ಲ. ತೂಕದ ಜೊತೆಗೆ, ಮೈಯಲ್ಲಿ ಹೊಸದಾಗಿ ಏನಾದರೂ ತೊಂದರೆಯಾಯಿತೇ ಎಂದು ಎಲ್ಲರನ್ನೂ ಒಂದೇ ಮಾತಿನಲ್ಲಿ ಕೇಳಿ ಬರೆದುಕೊಂಡಳು.

ಕೊನೆಯ ರೋಗಿಯ ತೂಕವಾಗಿ ಹತ್ತು ದಿನದ ಮೇಲೆ ಮಧ್ಯಾಹ್ನ ನಾವು ಮೂವರೂ ಪಡಸಾಲೆಯಲ್ಲಿ ಕೂತೆವು. ದಾಕ್ಷಾಯಣಿ ಪುಸ್ತಕ ತೆರೆದು ಓದಿದಳು. ಕೆಂಪು ದಾರದವರ ಸರಾಸರಿ ತೂಕ ಮೊದಲು ಒಂಬತ್ತೂಕಾಲು, ಆಮೇಲೆ ಆರು. ಬಿಳಿ ದಾರದವರದು ಮೊದಲು ಒಂಬತ್ತೂಕಾಲು, ಆಮೇಲೆ ಆರು.

"ಎರಡೂ ಅಷ್ಟ?" ಎಂದರು ಇವರು.

"ಎರಡೂ ಅಷ್ಟ ಅಣ್ಣಾ."

"ಸರಾಸರಿ ಅಂದ್ರ ಎಲ್ಲಾ ಕಲಸಿದ ಹಿಟ್ಟು. ಒಬ್ಬೊಬ್ಬರಿಗೆ ಭಾಳ ಇಳಿದಿರಬೇಕಲ್ಲ?"

"ಆರು ಕಿಲೋ ಇಳಿದವರು ಅದಾರ. ಕೆಂಪಿನ್ಯಾಗ ಇಬ್ಬರು, ಬಿಳಿಯೊಳಗ ಇಬ್ಬರು. ಏರಿದವರೂ ಅದಾರ, ಅದೂ ಎರಡೂ ಕಡೆ."

ದಾಕ್ಷಾಯಣಿ ಪುಟ ತಿರುವಿದಳು. ಅವಳ ದನಿ ಸ್ವಲ್ಪ ತಗ್ಗಿತು. ಕೈಬೆರಳು ಮರಗಟ್ಟಿತು ಎಂದವರು ಒಂಬತ್ತು ಮಂದಿ. ಅದರಲ್ಲಿ ಎಂಟು ಮಂದಿ ಕೆಂಪು ದಾರದವರು.

"ಅದು ಆಕಸ್ಮಿಕ ಇರಬಹುದು," ಎಂದರು ಇವರು.

"ನಾನೂ ಹಂಗ ಅಂದುಕೊಂಡೆ ಅಣ್ಣಾ." ಅವಳು ಆ ಹುಣಸೆಬೀಜದ ಚೀಲವನ್ನು ಚಾಪೆಯ ಮೇಲೆ ಸುರಿದಳು. ಅರವತ್ತು ಬೀಜಗಳಲ್ಲಿ, ಕೈ ಮರಗಟ್ಟಿದವರ ಲೆಕ್ಕಕ್ಕೆ, ಒಂಬತ್ತಕ್ಕೆ ಅರಿಶಿನದ ಬೊಟ್ಟು ಇಟ್ಟಿದ್ದಳು. ಅವನ್ನು ಕಲಸಿ, ಕಣ್ಣು ಮುಚ್ಚಿ ಮೂವತ್ತು ಮೂವತ್ತರ ಎರಡು ಗುಂಪು ಮಾಡಿ, ಬೊಟ್ಟಿನವು ಎಲ್ಲೆಲ್ಲಿ ಬಿದ್ದವೆಂದು ಎಣಿಸುವುದು. ಬರೀ ಆಕಸ್ಮಿಕವಾದರೆ ಹೇಗೆ ಬೀಳುತ್ತವೆ ಎಂದು ಹಿಂದಿನ ವಾರ ಇನ್ನೂರು ಸಲ ಹಂಚಿ ನೋಡಿದ್ದಳಂತೆ. ಹೆಚ್ಚಾಗಿ ಐದು ನಾಲ್ಕು, ಆರು ಮೂರು. ಮೊದಲ ಗುಂಪಿಗೇ ಎಂಟೋ ಒಂಬತ್ತೋ ಬಿದ್ದದ್ದು ಇನ್ನೂರರಲ್ಲಿ ಮೂರು ಸಲ. "ಆಗೂದ ಇಲ್ಲ ಅನ್ನಾಕ ಬರೂದಿಲ್ಲ. ಆದರ ನಾ ಅದರ ಮ್ಯಾಲೆ ಭಾರ ಹಾಕೂದಿಲ್ಲ."

ಇವರು ತಾವೇ ಬೀಜ ಕಲಸಿ ಹಂಚಿದರು. ಐದು ನಾಲ್ಕು. ಇನ್ನೊಮ್ಮೆ ಹಂಚಿದರು. ನಾಲ್ಕು ಐದು. ಹತ್ತು ಹದಿನೈದು ಸಲ ಹಂಚಿ ಕೈ ಬಿಟ್ಟರು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು.

ಮಸಿಬೇರು ಯಾವ ದಾರದ್ದು ಎಂದು ನಾನು ಹೇಳಬೇಕಾದದ್ದು ಒಂದೇ ಶಬ್ದ. ಬಿಳಿ ಎಂದುಬಿಟ್ಟರೆ ನಮ್ಮ ಕಷಾಯ ಯಾರ ಕೈಯನ್ನೂ ಮರಗಟ್ಟಿಸಿದ್ದಲ್ಲ, ಬೇವಿನ ಚಕ್ಕೆಯೇ ಕೆಟ್ಟದ್ದು. ಮಾವನವರ ಹೆಸರು ಉಳಿಯುತ್ತಿತ್ತು. ಇವರು ಆ ದಿನ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಹಂಡೆಗಳನ್ನು ತೊಳೆದಾಗಿತ್ತು, ಸುಳ್ಳೆಂದು ಹೇಳುವವರು ಯಾರೂ ಇರಲಿಲ್ಲ. ಇವರು ನನ್ನ ಕಣ್ಣು ನೋಡುತ್ತಿದ್ದರು. ಏನನ್ನೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಏನು ಹೇಳುತ್ತಿದ್ದೆನೋ, ಈಗಲೂ ನನಗೆ ತಿಳಿಯದು. ಹಿಂದಿನ ದೀಪಾವಳಿಯಲ್ಲಿ ಕರಿಗಡಬು ಕರಿಯುವಾಗ ನನ್ನ ಬೆರಳು ಎಣ್ಣೆಯಲ್ಲಿ ಮುಳುಗಿತ್ತು. ಚರ್ಮ ಸುಟ್ಟ ವಾಸನೆ ಬಂದ ಮೇಲೇ ನನಗೆ ಗೊತ್ತಾದದ್ದು. ವಯಸ್ಸಾಯಿತು ಎಂದುಕೊಂಡು ಯಾರಿಗೂ ಹೇಳಿರಲಿಲ್ಲ; ದಿನಾ ನಾಲಿಗೆಗೆ ಹಚ್ಚುವ ಆ ಒಂದು ಚಮಚದ ನೆನಪು ಬಂದಿರಲಿಲ್ಲ.

"ಕೆಂಪು ಮಸಿಬೇರಿಂದು," ಎಂದೆ.

ಇವರು ಎದ್ದು ಔಷಧಿಯ ಕೋಣೆಗೆ ಹೋದರು. ಮೂರು ದಿನ ಆ ಬಾಗಿಲು ಮುಚ್ಚಿಯೇ ಇತ್ತು. ಬಂದವರಿಗೆ, ವೈದ್ಯರು ಊರಲ್ಲಿಲ್ಲ ಎಂದು ನಾನು ಹೇಳಿ ಕಳಿಸಿದೆ. ದಾಕ್ಷಾಯಣಿ ಬಾಗಿಲ ಹೊರಗೆ ಊಟದ ತಾಟು ಇಟ್ಟು, ಅರ್ಧ ಉಳಿದ ತಾಟು ತಿರುಗಿ ತರುತ್ತಿದ್ದಳು. "ಅಪ್ಪನ ಹೆಸರು ಕೆಡಿಸಿದೆ ಅಂತ ಅಣ್ಣಗ ಅನಿಸಿರಬೇಕು," ಎಂದು ಒಮ್ಮೆ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾಲ್ಕನೇ ದಿನ ಬೆಳಿಗ್ಗೆ ಇವರು ಹೊರಗೆ ಬಂದು ತಂಗಿಯ ಮುಂದೆ ಒಂದು ಹಳೆಯ ನೋಟುಬುಕ್ಕು ಇಟ್ಟರು. ಮಾವನವರ ಅಕ್ಷರ. ಪುಟದಲ್ಲಿ ಇಪ್ಪತ್ತು ಹೆಸರುಗಳಿದ್ದವು. ಎಂಟು ಹೆಸರಿನ ಮುಂದೆ ಮೊದಲಿನ ತೂಕವಷ್ಟೇ ಇತ್ತು, ಎರಡನೆಯ ತೂಕದ ಜಾಗ ಖಾಲಿ.

"ಹನ್ನೆರಡಲ್ಲ ದಾಕ್ಷಾಯಣಿ, ಇಪ್ಪತ್ತು ಮಂದಿ," ಎಂದರು. "ಎಂಟು ಮಂದಿ ತಿರುಗಿ ತೂಕಕ್ಕ ಬರಲಿಲ್ಲ. ಆಗ ನನಗ ಹದಿನಾರು ವರ್ಷ, ಪ್ರಬಂಧದ ಶುದ್ಧಪ್ರತಿ ಬರದಾಂವ ನಾನು. ಇವರದೇನು ಮಾಡೂದಪ್ಪಾ ಅಂತ ಕೇಳಿದೆ. ತಿರುಗಿ ಬಾರದವರದೇನು ಬರಿಯೂದು ಅಂದ್ರು. ಅಪ್ಪ ಮೋಸಗಾರ ಅಲ್ಲ. ಅವರಿಗೆ ಖರೇನ ಹಂಗ ಅನಿಸಿತ್ತು. ನನಗೂ ಅನಿಸಿತ್ತು."

ದಾಕ್ಷಾಯಣಿ ಹೆಸರುಗಳ ಮೇಲೆ ಕಣ್ಣಾಡಿಸಿದಳು. "ಇವರೊಳಗ ಎಷ್ಟು ಮಂದಿ ಇನ್ನೂ ಅದಾರ?"

"ಮೂವರು ಅದಾರ. ವಿಚಾರಿಸೀನಿ."

ಆಗ ನನಗೆ ತಿಳಿಯಿತು, ಮೂರು ದಿನ ಇವರು ಕೋಣೆಯಲ್ಲಿ ಸುಮ್ಮನೆ ಕೂತಿರಲಿಲ್ಲ. ಆ ಕೋಣೆಯ ಹಿತ್ತಲ ಬಾಗಿಲಿನಿಂದ ಹೋಗಿ ಓಣಿ ಓಣಿ ಕೇಳಿಕೊಂಡು ಬಂದಿದ್ದರು.

ಅದೇ ವಾರ ಕಷಾಯ ನಿಲ್ಲಿಸಿದೆವು. ಊರವರು ನಮ್ಮನ್ನೇನೂ ಹೊಗಳಲಿಲ್ಲ. "ಇದ್ದ ಔಷಧನೂ ಕಸಗೊಂಡ್ರು" ಎಂದರು. ಕೆಲವರು ಹೊಳೆಯಾಚೆಯ ಊರಿನಿಂದ ಅದೇ ಕಷಾಯ ತರಿಸಿಕೊಂಡರು. ಯಂಕೋಬ ಬಂದು, ತನ್ನ ಗಟಾರದ ಗುಟ್ಟು ಬಯಲಾದದ್ದಕ್ಕೆ ದಾಕ್ಷಾಯಣಿಯ ಮೇಲೆ ಸಿಟ್ಟು ಮಾಡಿದ. ಹತ್ತು ಕಿಲೋ ನೆರಳಿನವರು ಬಂದರೆ ಇವರು, "ಎಂಟು ಹತ್ತು ದಿನ ಮಧ್ಯಾಹ್ನ ಅಷ್ಟ ಹೊರಗ ಬರ್ರಿ, ಉಳಿದ ಹೊತ್ತು ಒಳಗಿರ್ರಿ, ತಾನ ಇಳಿತೈತಿ," ಎಂದು ಹೇಳುತ್ತಿದ್ದರು. ಬರಿಗೈಯಲ್ಲಿ ಕಳಿಸುವುದು ಇವರಿಗೆ ಬಹಳ ಕಷ್ಟವಾಗುತ್ತಿತ್ತು. ಬಂದವರ ಜೊತೆ ಒಂದು ತಾಸು ಕೂತು ಮಾತಾಡಿ ಕಳಿಸುತ್ತಿದ್ದರು.

ಅಣ್ಣ ತಂಗಿ ಇಬ್ಬರೂ ಕೂಡಿ ಹೊಸ ಪ್ರಬಂಧ ಬರೆದರು. ಅದನ್ನು ಕಳಿಸುವ ಮೊದಲು ಆ ಮೂವರನ್ನು ಕಾಣಬೇಕೆಂದು ಇವರು ಹಟ ಹಿಡಿದರು. ಮೊದಲನೆಯವರಿಗೆ ನೆನಪೇ ಇರಲಿಲ್ಲ. ಎರಡನೆಯವರು, ನೆರಳು ಇಳಿಯಿತು, ಸುಗ್ಗಿಯ ಗಡಿಬಿಡಿಯಲ್ಲಿ ಬರಲಾಗಲಿಲ್ಲ ಎಂದರು. ಇವರು ಅದನ್ನೂ ಹಾಗೆಯೇ ಬರೆದುಕೊಂಡರು. ಮೂರನೆಯವರು ಫಕೀರವ್ವ, ನೇಕಾರರ ಓಣಿಯ ಕೊನೆಯ ಮನೆ. ಎಪ್ಪತ್ತರ ಹತ್ತಿರದ ಹೆಂಗಸು. ನಾನೂ ಜೊತೆಗೆ ಹೋಗಿದ್ದೆ.

ತಾವು ಯಾರ ಮಗನೆಂದು ಇವರು ಹೇಳಿದಾಗ ಆಕೆ ಎದ್ದು ಒಳಗೆ ಹೋದರು. ಬರುವುದೇ ಇಲ್ಲವೇನೋ ಎಂದುಕೊಂಡೆ. ಎರಡು ತಂಬಿಗೆ ನೀರು ತಂದರು. ಬೆರಳಲ್ಲಿ ಹಿಡಿಯದೆ, ಅಂಗೈಗಳ ನಡುವೆ ಒತ್ತಿಕೊಂಡು ಒಂದೊಂದಾಗಿ ತಂದಿಟ್ಟರು.

"ಕೈ ಮರಗಟ್ಟಿ ಔಷಧ ಬಿಟ್ಟೆ," ಎಂದರು. "ಎಳಿ ಜೋಡಿಸಾಕ ಬರಲಿಲ್ಲ, ಮಗ್ಗ ಬಿಟ್ಟೆ. ನಿಮ್ಮ ಅಪ್ಪಾರಿಗೆ ಹೇಳಿದ್ರ, ಅರ್ಧಕ್ಕ ಬಿಟ್ಟಿ ಅಂತ ಬೈತಾರ ಅಂತ ಹೆದರಿ ಆ ಕಡೆ ಹಾಯಲೇ ಇಲ್ಲ. ನೆರಳು ಹನ್ನೆರಡು ದಿನಕ್ಕ ತಾನ ಇಳೀತು."

ಇವರು ತೊಡೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡು, ಅಪ್ಪ ಖಾಲಿ ಬಿಟ್ಟ ಜಾಗದಲ್ಲಿ ಬರೆದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದದ್ದು ನನಗೆ ಕಂಡಿತು. ಅಷ್ಟರಲ್ಲಿ ಫಕೀರವ್ವ, "ಏನ ಬರದ್ರಿ? ಓದ್ರಿ ನೋಡೂಣು," ಎಂದರು.

ಇವರು ಓದಿದರು. "ಫಕೀರವ್ವ, ನೇಕಾರರು. ಮೂರನೇ ದಿನ ಕೈ ಮರಗಟ್ಟಿ ಔಷಧಿ ಬಿಟ್ಟರು. ನೆರಳು ಹನ್ನೆರಡು ದಿನಕ್ಕೆ ತಾನಾಗಿ ಇಳಿಯಿತು."

"ಮೂರನೇ ದಿನ ಅಂತ ನಾ ಎಲ್ಲಿ ಹೇಳಿದೆ?" ಎಂದರು ಆಕೆ. "ಎರಡನೇ ದಿನ. ತಿದ್ದ್ರಿ."

ಇವರು ಮೂರನ್ನು ಹೊಡೆದು ಎರಡು ಎಂದು ಬರೆದರು. ಬರೆದದ್ದನ್ನು ಮತ್ತೊಮ್ಮೆ, ಮೊದಲಿನಿಂದ, ಆಕೆಗೆ ಓದಿ ಹೇಳಿದರು.